ತಂದೆಯ ಬ್ರಷ್, ಸೆವ್ರಿನ್ ಬಾಯಿಯ ತಲೆ

ಬೋಳಿಸಿದ ತಲೆ ಹೊಳೆಯಬಾರದು. ಇಷ್ಟು ಸಣ್ಣ ಮಾತು ಕಲಿಯಲು ನನಗೆ ಎಂಟು ವರ್ಷ ಹಿಡಿಯಿತು. ಕಲಿತ ರೀತಿ ನೆನೆದರೆ ಇಂದಿಗೂ ಒಮ್ಮೆ ಕೈ ತಣ್ಣಗಾಗುತ್ತದೆ. ಆಮೇಲೆ, ಸದ್ಯ, ಬಚಾವಾದೆವಲ್ಲ ಎಂದು ಉಸಿರು ಬಿಡುತ್ತೇನೆ.

ನಾನು ವಾಸು, ಕಾಪುವಿನವನು. ಆಸ್ಪತ್ರೆಗೆ ಕ್ಷೌರದ ಕೆಲಸಕ್ಕೆ ಸೇರಿದೆ, ಕ್ಷೌರದ ಕೆಲಸದಲ್ಲೇ ನಿವೃತ್ತನಾದೆ. ಬಡ್ತಿ ಗಿಡ್ತಿ ಎಂದು ಹೇಳಿಕೊಳ್ಳುವಂಥದ್ದು ನಡುವೆ ಏನೂ ಇಲ್ಲ. ಮೆದುಳಿನ ಆಪರೇಶನ್‌ಗೆ ಹೋಗುವವರ ತಲೆಗೂದಲು ತೆಗೆಯುವುದೇ ನನ್ನ ಮುಖ್ಯ ಕೆಲಸವಾಗಿತ್ತು. ಉಡುಪಿಯಿಂದ ಮಣಿಪಾಲದ ಗುಡ್ಡಕ್ಕೆ ಏರುವ ದಾರಿಯಲ್ಲಿದ್ದ ಆ ಚಿಕ್ಕ ಆಸ್ಪತ್ರೆ ಈಗ ಇಲ್ಲ. ಅದೇ ಕಟ್ಟಡದಲ್ಲಿ ಟೈಲ್ಸ್ ಮಾರುತ್ತಾರೆ. ಹೆಸರು ಬೇಡ. ಮೊನ್ನೆ ಪರ್ಕಳದಲ್ಲಿ ನಮ್ಮ ಪಕ್ಕದ ಬಾಡಿಗೆ ಕೋಣೆಗೆ ಬಂದ ಇಬ್ಬರು ಹುಡುಗಿಯರು, ಆಪರೇಶನ್ ಥಿಯೇಟರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ನನ್ನ ಕಥೆ ಕೇಳಿ, "ಎಂತ ವಾಸಜ್ಜ, ಕೂದಲು ತೆಗೆಯುವುದರಲ್ಲಿ ಕಲಿಯಲಿಕ್ಕೆ ಅಷ್ಟು ಎಂತ ಉಂಟು?" ಎಂದು ನಕ್ಕರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಗಲಿ, ಆದರೆ ಪೂರ್ತಿ ಓದಿ ನಗಲಿ.

ನನ್ನ ತಂದೆಗೆ ಕಾಪು ಪೇಟೆಯಲ್ಲಿ ಒಂದೇ ಕುರ್ಚಿಯ ಕ್ಷೌರದ ಅಂಗಡಿ ಇತ್ತು. ಅವರ ಹತ್ತಿರ ಒಂದು ಬ್ರಷ್ ಇತ್ತು. ಬೊಂಬಾಯಿಯಿಂದ ಯಾರೋ ತಂದುಕೊಟ್ಟದ್ದು. ಮರದ ಹಿಡಿ, ಯಾವುದೋ ಪ್ರಾಣಿಯ ಮೆತ್ತನೆಯ ರೋಮ. ಸೋಪು ಹಚ್ಚಿ ಕೆನ್ನೆಗೆ ಮುಟ್ಟಿಸಿದರೆ ಸಿಟ್ಟಿನಿಂದ ಬಂದ ಗಿರಾಕಿಯೂ ಕಣ್ಣು ಮುಚ್ಚಬೇಕು, ಅಂಥ ಬ್ರಷ್. "ಕೂದಲು ತೆಗೆಯುವುದು ಕತ್ತಿ, ಹೆದರಿಕೆ ತೆಗೆಯುವುದು ಬ್ರಷ್" ಎನ್ನುತ್ತಿದ್ದರು ತಂದೆ. ಅವರು ತೀರಿಕೊಂಡಾಗ ಅಂಗಡಿ ಅಣ್ಣನಿಗೆ ಹೋಯಿತು, ಬ್ರಷ್ ನನಗೆ ಬಂತು. ನನಗೇ ಒಳ್ಳೆಯ ಪಾಲು ಸಿಕ್ಕಿತೆಂದು ನಾನು ತಿಳಿದಿದ್ದೆ.

ಎಪ್ಪತ್ತರ ದಶಕ ಅರ್ಧ ಕಳೆದಿರಬೇಕು, ನಮ್ಮ ಆಸ್ಪತ್ರೆಗೆ ಮೆದುಳಿನ ಆಪರೇಶನ್ ಮಾಡುವ ಡಾಕ್ಟರರೊಬ್ಬರು ಬಂದರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು, ಆಳು ಮಾತ್ರ ಐದಡಿ. ತಲೆ ಬೋಳಿಸಲು ಒಬ್ಬ ಕ್ಷೌರಿಕ ಬೇಕೆಂದು ಅವರು ನನ್ನನ್ನು ಸಂದರ್ಶನಕ್ಕೆ ಕರೆಸಿದರು. ಸಂದರ್ಶನ ಎಂದರೆ ಏನಾದರೂ ಕೇಳುತ್ತಾರೆಂದು ನಾನು ಇಸ್ತ್ರಿ ಅಂಗಿ ತೊಟ್ಟು, ಬಸ್ಸಿನಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಕುರ್ಚಿಯಲ್ಲಿ ಕೂತು, ಗದ್ದ ಮುಂದೆ ಮಾಡಿ, "ಮಾಡಿ, ನೋಡುವ" ಎಂದರು. ಗದ್ದದ ಮೇಲೆ ಒಂದು ಉಬ್ಬಿದ ಮಚ್ಚೆ ಇತ್ತು, ಹೊಸಬರ ಕತ್ತಿ ತಗಲಲೆಂದೇ ದೇವರು ಇಟ್ಟದ್ದು. ನಾನು ಮಚ್ಚೆಯನ್ನು ಸುತ್ತಿ ಬಂದೆ, ಒಂದು ಹನಿ ರಕ್ತ ಬರಲಿಲ್ಲ. "ನಾಳೆಯಿಂದ ಬನ್ನಿ" ಎಂದರು.

ಥಿಯೇಟರಿನ ಯಜಮಾನಿ ಸಿಸ್ಟರ್ ಗ್ಲ್ಯಾಡಿಸ್. ಅವರು ನಡೆದು ಬರುವ ಸದ್ದು ಕೇಳಿದರೆ ನೆಲ ಒರೆಸುವವರು ಒರೆಸಿದ್ದನ್ನೇ ಇನ್ನೊಮ್ಮೆ ಒರೆಸುತ್ತಿದ್ದರು. ಮೊದಲ ದಿನ ನನ್ನ ಕೈಗೆ ಸ್ಟೀಲಿನ ಡಬ್ಬ ಕೊಟ್ಟರು. ಒಳಗೆ ಕತ್ತಿ, ಬಟ್ಟಲು, ಒಂದು ನೈಲಾನ್ ಬ್ರಷ್.

"ಇದು ಕುದಿಸ್ಲಿಕ್ಕೆ ಆಗುವ ಬ್ರಷ್. ಇದೇ ಉಪಯೋಗಿಸಬೇಕು. ನಿಮ್ಮ ಅಂಗಡಿಯ ಸಾಮಾನು ಒಂದೂ ಇಲ್ಲಿ ಬರಬಾರದು, ಗೊತ್ತಾಯ್ತಾ?"

"ಆಯ್ತು ಸಿಸ್ಟರ್."

ಆ ಬ್ರಷ್ಷನ್ನು ನನ್ನ ಕೆನ್ನೆಗೆ ಹಚ್ಚಿ ನೋಡಿದೆ. ತೆಂಗಿನ ನಾರಿನಲ್ಲಿ ಪಾತ್ರೆ ತಿಕ್ಕಿದ ಹಾಗಾಯಿತು. ನಾಳೆ ತಲೆ ತೆರೆಯುತ್ತಾರೆಂದು ನಡುಗುತ್ತಾ ಕೂತವರ ತಲೆಗೆ ಇದನ್ನು ಹಚ್ಚುವುದೇ? ಮನಸ್ಸು ಬರಲಿಲ್ಲ. ನೈಲಾನ್ ಬ್ರಷ್ಷನ್ನು ಡಬ್ಬದಲ್ಲೇ ಬಿಟ್ಟು ಮರುದಿನ ಊಟದ ಚೀಲದಲ್ಲಿ ತಂದೆಯ ಬ್ರಷ್ ತಂದೆ. ಒಳ್ಳೆಯದಾಗಲೆಂದೇ ತಂದೆ. ಜೀವಮಾನದಲ್ಲಿ ನಾನು ಮಾಡಿದ ದೊಡ್ಡ ತಪ್ಪುಗಳೆಲ್ಲ ಒಳ್ಳೆಯದಾಗಲೆಂದೇ ಮಾಡಿದವು.

ಮೊದಲ ತಲೆಯೇ ನನ್ನ ನೀರಿಳಿಸಿತು. ಹೆಜಮಾಡಿಯ ಮೀನುಗಾರ, ರಾಮಣ್ಣ ಎಂದು ಹೆಸರು. ನಾನು ಕತ್ತಿ ಬಿಚ್ಚಿದ್ದೇ ತಡ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ.

"ಮುಟ್ಟಬೇಡ! ನನ್ನ ಅಮ್ಮ ಬದುಕಿದ್ದಾರೆ. ತಲೆ ಬೋಳಿಸ್ಲಿಕ್ಕೆ ಅವರೇನು ಸತ್ತಿದ್ದಾರಾ?"

ಡಾಕ್ಟರು ಬಂದು ಹೇಳಿದರು, ಸಿಸ್ಟರ್ ಬಂದು ಗದರಿದರು. ಆಸಾಮಿ ಕೈ ತೆಗೆಯಲಿಲ್ಲ. ನಾನು ಹೊರಗೆ ಹೋಗಿ ಜಗಲಿಯಲ್ಲಿ ಕೂತಿದ್ದ ಅವನ ತಾಯಿಗೆ ವಿಷಯ ಹೇಳಿದೆ. ಆ ಮುದುಕಿ ಎದ್ದು ಬಂದವರೇ ಮಗನ ಬೆನ್ನಿಗೊಂದು ಗುದ್ದಿದರು. "ಬದುಕಿದ್ದೇನೆ ಅಲ್ವಾ? ಬದುಕಿದ್ದವಳೇ ಹೇಳ್ತೇನೆ, ಬೋಳಿಸು. ದೇವರ ಹರಕೆ ಅಂತ ಎಣಿಸು ಮಾರಾಯ." ಬಿದ್ದ ಕೂದಲನ್ನೆಲ್ಲ ಸೆರಗಿನಲ್ಲಿ ಹಿಡಿದುಕೊಂಡರು. ಒಂದೇ ತೊಂದರೆ, ಮಗನಿಗೆ ತಂಪಾಗಲೆಂದು ಬೆಳಿಗ್ಗೆ ಕಾಲು ಕುಪ್ಪಿ ತೆಂಗಿನೆಣ್ಣೆ ತಿಕ್ಕಿ ಕರೆತಂದಿದ್ದರು. ಸೋಪಿನ ನೊರೆಯೇ ಬರಲಿಲ್ಲ. ಎಣ್ಣೆ ಹಚ್ಚಿದ ತಲೆಯನ್ನು ಮೊದಲು ಚೆನ್ನಾಗಿ ತೊಳೆಯದೆ ಕತ್ತಿ ಮುಟ್ಟಿಸಬಾರದು ಎಂಬ ನಿಯಮ ನಮ್ಮಲ್ಲಿ ಅಂದಿನಿಂದ ಬಂತು.

ಇನ್ನೊಮ್ಮೆ ಬಜಗೋಳಿಯ ತಿರುವಿನಲ್ಲಿ ಮಗುಚಿದ ಲಾರಿಯ ಚಾಲಕನನ್ನು ತಂದರು. ಒಡೆದ ತಲೆಯಲ್ಲಿ ಜಲ್ಲಿ, ಮಣ್ಣು, ಹುಲ್ಲು ಎಲ್ಲ ಇತ್ತು. ನಾನು ಗಾಯದ ಸುತ್ತ ಕೂದಲು ತೆಗೆಯುತ್ತಿದ್ದರೆ ಸಿಸ್ಟರ್ ಬಾಟಲಿಗಟ್ಟಲೆ ಉಪ್ಪುನೀರು ಹೊಯ್ದು ತೊಳೆದರು. ಆ ದಿನ ದೊಡ್ಡ ಡಾಕ್ಟರು ಮೊಣಕೈವರೆಗೆ ಕೈ ತಿಕ್ಕುತ್ತಾ ನನಗೆ ಪಾಠ ಹೇಳಿದರು. ಕೈ ತೊಳೆಯುವ ಹೊತ್ತಿನಲ್ಲಿ ಮಾತ್ರ ಅವರು ಬಾಯಿ ಬಿಡುತ್ತಿದ್ದುದು.

"ವಾಸು, ಮೆದುಳಿನ ಸುತ್ತ ಎಲುಬುಂಟು, ಪೊರೆ ಉಂಟು, ದೇವರು ಒಳ್ಳೆ ಕಾವಲು ಹಾಕಿ ಇಟ್ಟಿದ್ದಾನೆ. ಬಾಗಿಲು ತೆಗೆದವರು ನಾವು. ಹಾಗಾಗಿ ಒಳಗೆ ಯಾರು ನುಗ್ಗುತ್ತಾರೆ ಅಂತ ನೋಡಬೇಕಾದವರೂ ನಾವೇ."

ಯಾರಿಗೆ ನಂಜಾಗುವ ಅಪಾಯ ಹೆಚ್ಚು ಎಂದೂ ಹೇಳಿದರು. ಮಣ್ಣು ಹೊಕ್ಕ ಗಾಯದವರು, ಸಕ್ಕರೆ ಕಾಯಿಲೆಯವರು, ಗಂಟೆಗಟ್ಟಲೆ ಆಪರೇಶನ್ ನಡೆದವರು, ಒಮ್ಮೆ ತೆರೆದ ತಲೆಯನ್ನು ಮತ್ತೆ ತೆರೆಸಿಕೊಂಡವರು. ಹೊಲಿದ ಜಾಗದಿಂದಲೋ ಮೂಗಿನಿಂದಲೋ ಮೆದುಳಿನ ನೀರು ಸೋರಿದರಂತೂ ಕೂಡಲೇ ಹೇಳಬೇಕು, ನೆಗಡಿ ಎಂದು ಸುಮ್ಮನಿರಬಾರದು. ನಾನು ತಲೆಯಾಡಿಸಿದೆ. ಇದೆಲ್ಲ ಡಾಕ್ಟರರ, ನರ್ಸುಗಳ ತಲೆನೋವು, ನನ್ನ ಕತ್ತಿ ಕುದಿಸಿದ್ದೇನಲ್ಲ, ನನಗೇನು ಎಂದು ಒಳಗೊಳಗೇ ಎಣಿಸಿದೆ.

ನನ್ನ ಹೆಮ್ಮೆಯ ವಿಷಯವನ್ನೂ ಹೇಳಿಬಿಡಬೇಕು. ಆಗ ಆಪರೇಶನ್‌ನ ಹಿಂದಿನ ಸಂಜೆಯೇ ತಲೆ ಬೋಳಿಸುವ ಪದ್ಧತಿ. ನಾನು ಕೂದಲು ಮಲಗಿದ ದಿಕ್ಕಿಗೆ ಒಮ್ಮೆ, ಎದುರು ದಿಕ್ಕಿಗೆ ಇನ್ನೊಮ್ಮೆ ಕತ್ತಿ ಎಳೆಯುತ್ತಿದ್ದೆ. ಅಂಗೈ ಇಟ್ಟರೆ ಜಾರಬೇಕು, ದೀಪ ಹಾಕಿದರೆ ಹೊಳೆಯಬೇಕು. ದೊಡ್ಡ ಡಾಕ್ಟರು ಒಂದು ಸಲ ಅಂಥ ತಲೆ ಸವರಿ, "ಒಳ್ಳೆ ಕೈ" ಎಂದಿದ್ದರು. ಆ ಎರಡು ಶಬ್ದ ಸಾಕಾಯಿತು, ನಾನು ಒಂದು ವರ್ಷ ನೆಲದ ಮೇಲೆ ನಡೆಯಲಿಲ್ಲ.

ಹೀಗೆ ಎಂಟು ವರ್ಷ ನಡೆಯಿತು. ಬ್ರಷ್ಷನ್ನು ದಿನಾ ಮನೆಗೆ ಒಯ್ದು ತೊಳೆದು, ಬಿಸಿಲಿಗೆ ಒಣಗಿಸಿ ತರುತ್ತಿದ್ದೆ. ಎಂಟನೆಯ ವರ್ಷ ಅದರ ಮರದ ಹಿಡಿ ಬಿರುಕು ಬಿಟ್ಟು ರೋಮ ಉದುರತೊಡಗಿತು. ಒಣಗಿದ ಮರ ಬಿರಿಯುತ್ತದೆ, ನೆನೆದ ಮರ ಉಬ್ಬಿ ಬಿಗಿಯಾಗುತ್ತದೆ, ಇದು ಯಾರಿಗೂ ಗೊತ್ತಿರುವ ವಿಷಯ. ಹಾಗಾಗಿ ಬ್ರಷ್ಷನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದು ತಗಡಿನ ಡಬ್ಬಿಯಲ್ಲಿ ಮುಚ್ಚಿ ಇಡಲು ಶುರುಮಾಡಿದೆ. ಬಿರುಕು ಮುಚ್ಚಿತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಆ ಮಳೆಗಾಲದ ಕೊನೆಗೆ ಕಾರ್ಕಳದಿಂದ ಸೆವ್ರಿನ್ ಬಾಯಿ ಬಂದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದು ಕರೆಯುತ್ತೇವೆ. ಬ್ಲೌಸ್ ಹೊಲಿಯುವವರು, ಗಂಡ ಗಲ್ಫಿನಲ್ಲಿ, ಹೈಸ್ಕೂಲಿಗೆ ಹೋಗುವ ಒಬ್ಬಳೇ ಮಗಳು. ಮೆದುಳಿನಲ್ಲಿ ಗೆಡ್ಡೆ. ಮಂಚದ ಮೇಲೆ ಕೂತೇ ಕ್ರೋಶಾ ಕಡ್ಡಿಯಲ್ಲಿ ಇಗರ್ಜಿಯ ಪೀಠದ ಬಟ್ಟೆಗೆ ಲೇಸು ಹೆಣೆಯುತ್ತಿದ್ದರು. ಸೊಂಟ ದಾಟಿದ ಜಡೆ. ನಾನು ಜಡೆ ಕತ್ತರಿಸಿ ಕೊಟ್ಟಾಗ ಅವರ ತಾಯಿ ಅದನ್ನು ಪೇಪರಿನಲ್ಲಿ ಸುತ್ತಿ, ಮುಖ ತಿರುಗಿಸಿ ಅತ್ತರು. ಸೆವ್ರಿನ್ ಬಾಯಿ ಅಳಲಿಲ್ಲ.

"ವಾಸಣ್ಣ, ಉರೀತದಾ?"

"ಮೊದಲು ಬ್ರಷ್ ಮುಟ್ಟಿಸ್ತೇನೆ ಬಾಯಮ್ಮ, ಆಮೇಲೆ ಹೇಳಿ."

ನೊರೆ ಹಚ್ಚಿದೆ. ಅವರು ಕಣ್ಣು ಮುಚ್ಚಿದರು. "ಇದೇನು, ಅಮ್ಮ ತಲೆ ಸವರಿದ ಹಾಗೆ ಉಂಟಲ್ಲ!" ಎಂದರು. ಬಲಗಿವಿಯ ಹಿಂದೆ ಕತ್ತಿ ಸಣ್ಣಗೆ ತಗಲಿ ಸೂಜಿಮೊನೆಯಷ್ಟು ರಕ್ತ ಬಂತು. ಹೆಬ್ಬೆರಳಿನಿಂದ ಒತ್ತಿ ಹಿಡಿದೆ, ನಿಂತಿತು. ಯಾರಿಗೂ ಹೇಳಲಿಲ್ಲ. ಅಷ್ಟಕ್ಕೆಲ್ಲ ಯಾರಾದರೂ ಹೇಳುತ್ತಾರೆಯೇ?

ಆಪರೇಶನ್ ಚೆನ್ನಾಗಿ ಆಯಿತು. ಗೆಡ್ಡೆ ಪೂರ್ತಿ ಬಂತು, ಕ್ಯಾನ್ಸರ್ ಅಲ್ಲ. ನಾಲ್ಕನೆಯ ದಿನ ಅವರು ಎದ್ದು ಕೂತು ಗಂಜಿ ಕುಡಿದರು. ಆರನೆಯ ದಿನ ಜ್ವರ ಬಂತು. ಎಂಟನೆಯ ದಿನ ಬ್ಯಾಂಡೇಜಿನ ಮೇಲೆ ಹಸಿರು ಕಲೆ ಕಂಡಿತು.

ಆ ಕೆಲವು ವಾರಗಳಲ್ಲಿ ಹಸಿರು ಕೀವು ಬಂದ ಮೂರನೆಯವರು ಅವರು. ಮೊದಲನೆಯವ ಉಡುಪಿಯ ಒಬ್ಬ ಯುವಕ, ಔಷಧದಿಂದಲೇ ಗುಣವಾದ. ಎರಡನೆಯವರು ಸಕ್ಕರೆ ಕಾಯಿಲೆ ಇದ್ದ ಒಬ್ಬ ವೃದ್ಧರು, ಅವರು ಉಳಿಯಲಿಲ್ಲ. ದೊಡ್ಡ ಡಾಕ್ಟರು ಥಿಯೇಟರಿಗೆ ಬೀಗ ಹಾಕಿಸಿ ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಈ ರೋಗಾಣುವಿಗೆ ಒದ್ದೆ ಜಾಗ ಇಷ್ಟ. ಸಿಂಕು, ಬಾಟಲಿ, ಒದ್ದೆ ಬಟ್ಟೆ, ಎಲ್ಲ ಹುಡುಕಬೇಕು. ಸಿಗುವವರೆಗೆ, ತುರ್ತಿನದ್ದು ಬಿಟ್ಟರೆ, ಒಂದು ತಲೆಯನ್ನೂ ನಾನು ತೆರೆಯುವುದಿಲ್ಲ."

ಒದ್ದೆ ಬಟ್ಟೆ ಎಂದದ್ದು ನನ್ನ ಕಿವಿಗೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ಊಟದ ಚೀಲದ ಕಡೆಗೆ ಹೋಯಿತು. ಸಿಸ್ಟರ್ ಹತ್ತಿಕಡ್ಡಿಗಳನ್ನು ಹಿಡಿದು ಇಡೀ ಥಿಯೇಟರ್ ಸುತ್ತಿದರು; ನಲ್ಲಿ, ಬೇಸಿನ್ನು, ಸೋಪಿನ ಬಟ್ಟಲು, ಫ್ಯಾನಿನ ರೆಕ್ಕೆ ಎಲ್ಲವನ್ನೂ ಒರೆಸಿ ಲ್ಯಾಬಿಗೆ ಕಳಿಸಿದರು. ನನ್ನ ಸ್ಟೀಲಿನ ಡಬ್ಬವನ್ನೂ ಕೇಳಿದರು. ಕೊಟ್ಟೆ. ಕತ್ತಿಯಲ್ಲಿ ಏನೂ ಸಿಗಲಿಲ್ಲ, ನೈಲಾನ್ ಬ್ರಷ್‌ನಲ್ಲಿಯೂ ಏನೂ ಬೆಳೆಯಲಿಲ್ಲ. ಬಳಸದ ಬ್ರಷ್‌ನಲ್ಲಿ ಬೆಳೆಯುವುದಾದರೂ ಎಂತ! "ನೋಡಿ, ವಾಸುವಿನದ್ದು ಎಲ್ಲ ಸರಿ ಉಂಟು" ಎಂದು ಸಿಸ್ಟರ್ ಎಲ್ಲರೆದುರು ಹೇಳಿದಾಗ ನಾನು ನೆಲ ನೋಡುತ್ತಾ ನಿಂತಿದ್ದೆ.

ಮೂರು ದಿನ ನಾಲಿಗೆ ಏಳಲಿಲ್ಲ. ಕೆಲಸ ಹೋದರೆ ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು: ಹೇಳಿದರೆ ಅದು ನಿಜವಾಗುತ್ತದೆ ಎಂಬ ಹೆದರಿಕೆ. ತಂದೆಯ ಬ್ರಷ್ ಒಬ್ಬ ಮನುಷ್ಯನನ್ನು ಕೊಂದಿತೆಂದು ಬಾಯಿಬಿಟ್ಟು ಹೇಳುವುದು ಹೇಗೆ? ಥಿಯೇಟರು ಮುಚ್ಚಿದೆ, ಯಾರ ತಲೆಗೂ ಕತ್ತಿ ಮುಟ್ಟಿಸಬೇಕಾಗಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಸೆವ್ರಿನ್ ಬಾಯಿಯ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. ಎಲುಬಿನ ಅಡಿಗೆ ಕೀವು ಕಟ್ಟಿದೆ, ಮರುದಿನವೇ ತಲೆ ಮತ್ತೆ ತೆರೆದು ಆ ಎಲುಬಿನ ತುಂಡನ್ನೇ ತೆಗೆಯಬೇಕಂತೆ. ತೆಗೆಯದಿದ್ದರೆ ಮಗಳು ಉಳಿಯುವುದಿಲ್ಲವಂತೆ. ಅಷ್ಟು ಹೇಳಿ ನನ್ನ ಕೈ ಹಿಡಿದುಕೊಂಡರು.

"ಅವಳು ಹೇಳ್ತಾಳೆ, ತಲೆ ಬೋಳಿಸ್ಲಿಕ್ಕೆ ವಾಸಣ್ಣನೇ ಬರಬೇಕು ಅಂತ. ಆ ಮೆತ್ತನೆ ಬ್ರಷ್ ತನ್ನಿ ಅಂತ. ನಿಮ್ಮ ಕೈ ಮೆತ್ತಗೆ ಉಂಟಂತೆ."

ಆ ಕೈಯನ್ನು ಬಿಡಿಸಿಕೊಂಡು ನಾನು ನೇರವಾಗಿ ಸಿಸ್ಟರ್ ಗ್ಲ್ಯಾಡಿಸರ ಕೋಣೆಗೆ ನಡೆದೆ. ಅವರು ಗಾಜ್ ಬಟ್ಟೆ ಮಡಚುತ್ತಿದ್ದರು. ತಗಡಿನ ಡಬ್ಬಿ ತೆರೆದು ಮೇಜಿನ ಮೇಲೆ ಇಟ್ಟೆ.

"ಇದು ಎಂತದು?"

"ನನ್ನ ತಂದೆಯ ಬ್ರಷ್, ಸಿಸ್ಟರ್."

"ಮತ್ತೆ ನಾನು ಕೊಟ್ಟದ್ದು?"

"ಅದು ಡಬ್ಬದಲ್ಲೇ ಉಂಟು. ಎಂಟು ವರ್ಷದಿಂದ ಒಮ್ಮೆಯೂ ಮುಟ್ಟಲಿಲ್ಲ."

ಸಿಸ್ಟರ್ ಒದ್ದೆ ಬಟ್ಟೆಯನ್ನು ಚಿಮಟಿಗೆಯಿಂದ ಎತ್ತಿ ಮೂಸಿದರು. ಮುಖ ಕಪ್ಪಿಟ್ಟಿತು. ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. "ಅದಕ್ಕೇ ಅದರಲ್ಲಿ ಏನೂ ಬೆಳೆಯಲಿಲ್ಲ. ನಾನು ಎಣಿಸಿದೆ, ಈ ವಾಸು ಭಾರೀ ಶುದ್ಧದ ಮನುಷ್ಯ ಅಂತ." ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ನನಗೆ ಅಳು ಬಂತು, ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತೆ. ಬಿರುಕು, ಒದ್ದೆ ಬಟ್ಟೆ, ಕಿವಿಯ ಹಿಂದಿನ ಗಾಯ, ಎಲ್ಲ ಹೇಳಿದೆ.

ಬ್ರಷ್ ಲ್ಯಾಬಿಗೆ ಹೋಯಿತು. ದೊಡ್ಡ ಡಾಕ್ಟರು ನನ್ನನ್ನು ಕರೆದು ಎಲ್ಲವನ್ನೂ ಇನ್ನೊಮ್ಮೆ ಕೇಳಿದರು. ಆಮೇಲೆ ನನ್ನದೇ ಮುಂಗೈಯ ಕೂದಲನ್ನು ನನ್ನ ಕೈಯಿಂದಲೇ ಬೋಳಿಸಲು ಹೇಳಿದರು, ನನ್ನ ರೀತಿಯಲ್ಲೇ, ಎರಡು ದಿಕ್ಕಿಗೆ. ಬೋಳಿಸಿದೆ, ಹೊಳೆಯಿತು. ಒಂದು ಭೂತಗನ್ನಡಿ ಕೊಟ್ಟು, "ನೋಡಿ" ಎಂದರು. ನುಣುಪು ಎಂದು ನಾನು ಹೆಮ್ಮೆಪಡುತ್ತಿದ್ದ ಚರ್ಮದ ತುಂಬ ಸಣ್ಣ ಸಣ್ಣ ಗೀರುಗಳು, ಉತ್ತ ಗದ್ದೆಯ ಹಾಗೆ.

"ಹಿಂದಿನ ಸಂಜೆ ನೀವು ಉಳುತ್ತೀರಿ. ಬ್ರಷ್‌ನಲ್ಲಿ ಬಿತ್ತುತ್ತೀರಿ. ಬೆಳಿಗ್ಗೆವರೆಗೆ ಅದು ಮೊಳಕೆ ಬರ್ತದೆ. ನಾನು ಹೋಗಿ ಅಲ್ಲೇ ಕತ್ತರಿಸ್ತೇನೆ." ಭೂತಗನ್ನಡಿಯನ್ನು ಹಿಂದಕ್ಕೆ ತೆಗೆದುಕೊಂಡರು. "ಹಿಂದಿನ ಸಂಜೆ ಬೋಳಿಸಿ ಅಂತ ಹೇಳಿದವ ನಾನು. ಹೊಳೆದದ್ದನ್ನು ನೋಡಿ ಒಳ್ಳೆ ಕೈ ಅಂದವನೂ ನಾನೇ. ಸೆವ್ರಿನ್ ಬಾಯಿಯ ಆಪರೇಶನ್ ನೋಡ್ಲಿಕ್ಕೆ ಅಂತ ಇಬ್ಬರು ಸ್ನೇಹಿತರನ್ನು ಒಳಗೆ ಬಿಟ್ಟದ್ದೂ ನಾನೇ. ಬಾಗಿಲು ಎಷ್ಟು ಸಲ ತೆರೆಯಿತೋ ಯಾರಿಗೆ ಗೊತ್ತು. ನಾಳೆ ಥಿಯೇಟರಿನಲ್ಲೇ ಕೂದಲು ತೆಗೆಯುವ. ಕತ್ತಿ ಬೇಡ, ಬ್ರಷ್ ಬೇಡ. ಕೂದಲು ಕತ್ತರಿಸುವ ಕೈ ಮಿಷನ್ ಕುದಿಸಿ ತಂದರೆ ಸಾಕು. ನೀವೇ ಮಾಡಬೇಕು."

"ನಾನಾ ಸಾರ್?"

"ಮತ್ತೆ ನಾನಾ? ನನಗೆ ಮಿಷನ್ ಹಿಡೀಲಿಕ್ಕೆ ಬರುವುದಿಲ್ಲ."

ಹಾಗೆಂದ ಮೇಲೆ ಸೆವ್ರಿನ್ ಬಾಯಿಗೆ ನಿಜ ಹೇಳದೆ ಅವರ ತಲೆ ಮುಟ್ಟುವುದು ನನ್ನಿಂದಾಗದು ಎಂದೆ. ಡಾಕ್ಟರು ಸಿಸ್ಟರ್ ಕಡೆ ನೋಡಿದರು. "ಹೇಳುವುದಾದರೆ ನನ್ನ ಎದುರು ಹೇಳಿ" ಎಂದು ಸಿಸ್ಟರ್ ನನ್ನ ಜೊತೆ ಬಂದರು.

ಸೆವ್ರಿನ್ ಬಾಯಿ ಜ್ವರದಲ್ಲಿ ಕೆಂಡವಾಗಿದ್ದರು, ಆದರೆ ಎಚ್ಚರವಿತ್ತು. ನಾನು ಮಂಚದ ಹತ್ತಿರ ನಿಂತು ಹೇಳಿದೆ. ಬ್ರಷ್‌ನಿಂದಲೇ ಇರಬೇಕು, ನನ್ನಿಂದಲೇ ಇರಬೇಕು, ನಿಮಗೆ ಬೇರೆಯವರು ಬೇಕಾದರೆ ಕರೆಸುತ್ತಾರೆ ಎಂದೆ. ಅವರ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೆವ್ರಿನ್ ಬಾಯಿ ದಿಂಬಿನಿಂದ ತಲೆ ಎತ್ತಿ ನನ್ನ ಕಡೆ ತಿರುಗಿದರು. ಆಮೇಲೆ ಅವರ ಕಣ್ಣಿನಿಂದ ನೀರು ಬಂತು.

"ಹೌದಾ ವಾಸಣ್ಣ? ನಿಜವಾಗ್ಲೂ? ನಾನಲ್ವಾ?"

ನನಗೆ ಅರ್ಥವಾಗಲಿಲ್ಲ. ಅವರು ದಿಂಬಿನ ಅಡಿಯಿಂದ ಕ್ರೋಶಾ ಕಡ್ಡಿ ತೆಗೆದರು.

"ಆಪರೇಶನ್ ಆಗಿ ಮೂರನೇ ದಿನ ಭಯಂಕರ ತುರಿಸ್ತಿತ್ತು. ತಡೀಲಿಕ್ಕಾಗದೆ ಇದನ್ನು ಬ್ಯಾಂಡೇಜಿನ ಅಡಿಗೆ ಹಾಕಿ ತುರಿಸಿದೆ. ಯಾರಿಗೂ ಹೇಳಲಿಲ್ಲ. ಜ್ವರ ಬಂದಂದಿನಿಂದ ಎಣಿಸ್ತಾ ಇದ್ದೇನೆ, ನನ್ನ ಸಾವನ್ನು ನಾನೇ ತಂದುಕೊಂಡೆ, ಮಗಳಿಗೆ ಎಂತ ಹೇಳುವುದು ಅಂತ."

ಸಿಸ್ಟರ್ ಗ್ಲ್ಯಾಡಿಸ್ ಸೊಂಟಕ್ಕೆ ಕೈಕೊಟ್ಟು ನಮ್ಮಿಬ್ಬರನ್ನೂ ನೋಡಿದರು. "ಯೇಸುವೇ! ಒಬ್ಬರಿಗೆ ಅಪ್ಪನ ಬ್ರಷ್, ಒಬ್ಬರಿಗೆ ಲೇಸಿನ ಕಡ್ಡಿ. ಅಲ್ಲ ಮಾರಾಯ್ರೆ, ಈ ವಾರ್ಡಿನಲ್ಲಿ ಇನ್ನು ಯಾರ ಹತ್ತಿರ ಎಂತ ಉಂಟು, ಈಗಲೇ ಹೊರಗೆ ತೆಗೀರಿ!" ಪಕ್ಕದ ಮಂಚದ ಹೆಂಗಸು ಗಾಬರಿಯಿಂದ ಒಂದು ಉಪ್ಪಿನಕಾಯಿ ಬಾಟಲಿ ತೆಗೆದು ತೋರಿಸಿದಳು. ಅಂಥ ಹೊತ್ತಿನಲ್ಲೂ ನಮಗೆ ನಗು ಬಂತು. ಸೆವ್ರಿನ್ ಬಾಯಿಯೂ ನಕ್ಕರು, ನಗುತ್ತಾ ತಲೆ ಹಿಡಿದುಕೊಂಡರು.

"ನಾಳೆ ನೀವೇ ಬನ್ನಿ ವಾಸಣ್ಣ" ಎಂದರು. "ಬ್ರಷ್ ಮಾತ್ರ ಬೇಡ."

ಮರುದಿನ ಥಿಯೇಟರಿನಲ್ಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಮೊಣಕೈವರೆಗೆ ಕೈ ತಿಕ್ಕಿ, ಕೈ ಮಿಷನ್ ಹಿಡಿದೆ. ಹಿಂದಿನ ದಿನ ತಲೆಯನ್ನು ಔಷಧದ ಸೋಪಿನಲ್ಲಿ ತೊಳೆಸಿದ್ದರು. ಮೊಳೆತಿದ್ದ ಕೂದಲನ್ನು ಬುಡ ಬಿಟ್ಟು ಕತ್ತರಿಸಿದೆ. ತಲೆ ಹೊಳೆಯಲಿಲ್ಲ. ಕೈಯಾಡಿಸಿದರೆ ಒರಟಾಗಿತ್ತು, ಕಾಪುವಿನ ಅಂಗಡಿಯಲ್ಲಿ ಹೀಗೆ ಮಾಡಿದ್ದರೆ ತಂದೆ ಕಿವಿ ಹಿಂಡುತ್ತಿದ್ದರು. ದೊಡ್ಡ ಡಾಕ್ಟರು ನೋಡಿ, "ಒಳ್ಳೆ ಕೈ" ಎಂದರು. ಒಳಗೆ ಬರಲು ನೋಡಿದ ಇಬ್ಬರನ್ನು ಸಿಸ್ಟರ್ ಬಾಗಿಲಲ್ಲೇ ತಡೆದರು. ಹೊರಗೆ ಬಂದು ನಾನು ಬೆಂಚಿನ ಮೇಲೆ ಕೂತೆ. ಕಾಪುವಿನ ಮಾರಿಯಮ್ಮನಿಗೂ ಕಾರ್ಕಳದ ಇಗರ್ಜಿಯ ಸಂತನಿಗೂ ಒಟ್ಟಿಗೇ ಹರಕೆ ಹೇಳಿಕೊಂಡೆ. ಯಾರ ಪಾಲಿಗೆ ಯಾರು ಎಂದು ನೋಡುವ ಹೊತ್ತು ಅದಲ್ಲ.

ಮೂರನೆಯ ದಿನ ಲ್ಯಾಬಿನಿಂದ ಉತ್ತರ ಬಂತು. ಬ್ರಷ್‌ನಲ್ಲಿ ಅದೇ ಹಸಿರು ರೋಗಾಣು. ಬ್ರಷ್ಷನ್ನು ಲ್ಯಾಬಿನವರೇ ಸುಟ್ಟರು. ನಾನು ರಾಜೀನಾಮೆ ಬರೆದು ಕೊಂಡುಹೋದೆ. ದೊಡ್ಡ ಡಾಕ್ಟರು ಅದನ್ನು ಓದಿ, ಹಿಂದಿರುಗಿಸಿದರು. "ಹೇಳಿದವನನ್ನು ಕಳಿಸಿದರೆ ನಾಳೆ ಬರುವವ ಬಾಯಿ ಬಿಡ್ತಾನಾ?" ಎಂದರು. ತೀರಿಕೊಂಡ ಆ ವೃದ್ಧರ ಬಗ್ಗೆ ನಾನು ಕೇಳಿದ್ದಕ್ಕೆ, "ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು, ಬ್ರಷ್ಷೂ ಇತ್ತು. ಬ್ರಷ್ ಅಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ" ಎಂದರು. ಆ ಭಾರ ಇಳಿಯಲಿಲ್ಲ, ಇಳಿಯಬೇಕೆಂದೂ ನಾನು ಕೇಳುವುದಿಲ್ಲ. ಅವರ ಮನೆಯವರಿಗೆ ಡಾಕ್ಟರೇ ಹೋಗಿ ಹೇಳಿದರು. ನಾನು ಜೊತೆಯಲ್ಲಿ ಹೋಗಿ ಕೈಮುಗಿದು ನಿಂತೆ.

ಆಮೇಲೆ ಉಳಿದದ್ದು ಸೆವ್ರಿನ್ ಬಾಯಿಯ ಜ್ವರ. ದಿನಾ ಸಂಜೆ ಮನೆಗೆ ಹೋಗುವ ಮೊದಲು ಅವರ ಮಂಚಕ್ಕೆ ತೂಗುಹಾಕಿದ ಚಾರ್ಟ್ ನೋಡುತ್ತಿದ್ದೆ. ನನಗೆ ಅದನ್ನು ಓದಲು ಬರುತ್ತಿರಲಿಲ್ಲ, ಗೆರೆ ಮೇಲೆ ಹೋಯಿತೋ ಕೆಳಗೆ ಬಂತೋ ಎಂದಷ್ಟೇ ಗೊತ್ತು. ಐದನೆಯ ದಿನ ಇಳಿಯಿತು. ಆರನೆಯ ದಿನ ಮೆಲ್ಲಗೆ ಏರಿತು. ಆ ದಿನ ನನಗೆ ಊಟ ಸೇರಲಿಲ್ಲ. ಏಳಕ್ಕೆ ಮತ್ತೆ ಇಳಿಯಿತು. ಹತ್ತನೆಯ ಸಂಜೆ ಸಿಸ್ಟರ್ ಗ್ಲ್ಯಾಡಿಸ್ ಚಾರ್ಟನ್ನೇ ಕಿತ್ತು ತಂದು ನನ್ನ ಮುಖದೆದುರು ಹಿಡಿದರು. ನಾಲ್ಕು ದಿನದಿಂದ ಗೆರೆ ಚಾಪೆ ಹಾಸಿದ ಹಾಗೆ ಮಲಗಿತ್ತು. "ನೋಡಿ, ಕಣ್ಣು ತುಂಬ ನೋಡಿ. ಇನ್ನು ಆ ಬಾಯಿಯ ಮಂಚದ ಸುತ್ತ ಸುತ್ತಿದರೆ ನಿಮ್ಮನ್ನೂ ಅಡ್ಮಿಟ್ ಮಾಡ್ತೇನೆ!" ಹೋದ ಜೀವ ಬಂದ ಹಾಗಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕೆ. ಸಿಸ್ಟರೂ ಪಕ್ಕದಲ್ಲಿ ಕೂತರು, ಅವರು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಾಯಿ ಮನೆಗೆ ಹೊರಟ ದಿನ ಸಿಸ್ಟರ್ ಕ್ರೋಶಾ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಕುದಿಸಿದ್ದೇನೆ" ಎಂದರು. ಕೆಲವು ತಿಂಗಳ ನಂತರ ಎಲುಬು ತೆಗೆದ ಜಾಗಕ್ಕೆ ಕೃತಕ ಮುಚ್ಚಳ ಕೂರಿಸಿದರು. ತಲೆಗೆ ತೇಪೆ ಹಾಕಿದ್ದಾರೆ ಎಂದು ಆ ದರ್ಜಿ ಎಲ್ಲರಿಗೂ ಹೇಳುತ್ತಿದ್ದರಂತೆ. ನಮ್ಮಲ್ಲಿ ಹಿಂದಿನ ಸಂಜೆಯ ಬೋಳಿಸುವಿಕೆ ಅಲ್ಲಿಗೇ ನಿಂತಿತು. ವಾರಕ್ಕೊಮ್ಮೆ ದೊಡ್ಡ ಡಾಕ್ಟರು ಎಲ್ಲರನ್ನೂ ಕೂರಿಸಿ, ಆ ವಾರ ಯಾರು ಏನು ತಪ್ಪು ಮಾಡಿದೆವು ಎಂದು ಕೇಳುವ ಕ್ರಮ ಬಂತು. ಮೊದಲು ತಮ್ಮದನ್ನು ಹೇಳುತ್ತಿದ್ದರು, ಆಮೇಲೆ ನಮ್ಮದು. ಮುಂದೆ ಎಲ್ಲ ಕೂದಲೂ ಬೇಡ, ಹೊಲಿಗೆ ಬರುವಷ್ಟು ಅಗಲ ಮಾತ್ರ ತೆಗೆದರೆ ಸಾಕು ಎಂಬಲ್ಲಿಗೆ ಬಂದೆವು. ನನ್ನ ಕೆಲಸ ಕಡಿಮೆಯಾಗುತ್ತಾ ಹೋಯಿತು. ಕೆಲಸ ಕಡಿಮೆಯಾದದ್ದಕ್ಕೆ ಖುಷಿಪಟ್ಟ ಕ್ಷೌರಿಕ ನಾನೊಬ್ಬನೇ ಇರಬೇಕು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾರ್ಕಳದಿಂದ ಮದುವೆ ಕಾಗದ ಬಂತು, ಸೆವ್ರಿನ್ ಬಾಯಿಯ ಮಗಳದ್ದು. ಮದುವೆಯ ಹಿಂದಿನ ದಿನವೇ ಬರಬೇಕೆಂದು ಬರೆದಿದ್ದರು. ಅಂದು ಅವರಲ್ಲಿ ರೋಸ್ ಶಾಸ್ತ್ರ. ಮನೆಯವರೂ ಬೇಕಾದವರೂ ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚಿ ಹರಸುತ್ತಾರೆ. ನಾನು ಚಪ್ಪರದ ಕೊನೆಯಲ್ಲಿ, ಕಂಬದ ಮರೆಯಲ್ಲಿ ನಿಂತಿದ್ದೆ. ಸೆವ್ರಿನ್ ಬಾಯಿ ಬಂದು ಕೈ ಹಿಡಿದು ಎಳೆದುಕೊಂಡು ಹೋಗಿ, ಜನರ ನಡುವೆ ನಿಲ್ಲಿಸಿ, ತೆಂಗಿನ ಹಾಲಿನ ಬಟ್ಟಲನ್ನು ಮುಂದೆ ಹಿಡಿದರು. ಅರ್ಧ ನರೆತ ಕೂದಲನ್ನು ಗಂಟು ಕಟ್ಟಿದ್ದರು. ತೇಪೆ ಎಲ್ಲಿದೆಯೆಂದು ನಾನೂ ಹುಡುಕಬೇಕಾಯಿತು. ನಾನು ಬಟ್ಟಲಿಗೆ ಕೈ ಅದ್ದಬೇಕು, ಅಷ್ಟರಲ್ಲಿ ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದರು:

"ತಡೀರಿ! ವಾಸಣ್ಣ, ಕೈ ತೊಳೆದಿದ್ದೀರಾ?"

"ಎರಡು ಸಲ ಬಾಯಮ್ಮ" ಎಂದೆ. ಸುಳ್ಳಲ್ಲ. ಬಂದ ಕೂಡಲೇ ಬಾವಿಕಟ್ಟೆಗೆ ಹೋಗಿ ಮೊಣಕೈವರೆಗೆ ತೊಳೆದುಕೊಂಡಿದ್ದೆ.

"ಹಾಗಾದರೆ ಮೊದಲು ನನಗೆ" ಎಂದು ಸೆವ್ರಿನ್ ಬಾಯಿ ಗಂಟು ಬಿಚ್ಚಿ, ನನ್ನ ಮುಂದೆ ತಲೆ ಬಗ್ಗಿಸಿದರು.